ಕೌದಿಯ ಒಳಪದರ

ನಮ್ಮ ಕಡೆ ಕೌದಿಗೆ ಎರಡು ಹೆಸರು. ಬೀದಿಯಲ್ಲಿ ಅದು ಕೌದಿ, ಮನೆಯೊಳಗೆ ಬಂದರೆ ಗುದಡಿ. ಮರಾಠಿಯವರು ಗೋಧಡಿ ಎನ್ನುತ್ತಾರೆ, ಸಿಂಧ್‌ನವರು ರಲ್ಲಿ, ಬಂಗಾಳದವರು ಕಾಂಥಾ. ಹಳೆಯ ಬಟ್ಟೆ ಬಿಸಾಡಲು ಮನಸ್ಸು ಬಾರದ ಹೆಂಗಸರು ಎಲ್ಲ ಕಡೆಯೂ ಇದ್ದಾರೆ ಎಂದಷ್ಟೇ ಇದರ ಅರ್ಥ. ಉರ್ದುವಿನಲ್ಲಿ 'ಗುದಡೀ ಕಾ ಲಾಲ್' ಎಂಬ ಮಾತಿದೆ. ಚಿಂದಿಯಲ್ಲಿ ಹುದುಗಿದ ಮಾಣಿಕ್ಯ ಎಂದು. ಬಡವರ ಮನೆಯಲ್ಲಿ ಹುಟ್ಟಿದ ಜಾಣ ಮಕ್ಕಳಿಗೆ ಹಾಗೆ ಹೇಳುತ್ತಾರೆ. ಉರ್ದು ಶಾಲೆಯಲ್ಲಿ ಈ ಮಾತು ಕಲಿತ ದಿನ ನಾವಿಬ್ಬರು ತಂಗಿಯರು ಮನೆಗೆ ಬಂದು, ಅಮ್ಮನ ಗುದಡಿಯನ್ನು ಮೂಲೆಯಿಂದ ಮೂಲೆಗೆ ಒತ್ತಿ ನೋಡಿದ್ದೆವು, ಎಲ್ಲಾದರೂ ಗಟ್ಟಿಯಾಗಿ ಕೈಗೆ ಸಿಗುತ್ತದೇನೋ ಎಂದು. ಸಿಕ್ಕಿದ್ದು ಅಮ್ಮನ ಬೈಗುಳ.

ಅಬ್ಬಾ ದರ್ಜಿ. ಮಷೀನಿನ ಪಕ್ಕದಲ್ಲಿ ಒಂದು ಗೋಣಿಚೀಲ ಸದಾ ಇರುತ್ತಿತ್ತು, ಕತ್ತರಿಸಿ ಉಳಿದ ತುಂಡುಗಳಿಗೆ. ಚೀಲ ತುಂಬಿದಾಗ ಅದು ಮನೆಗೆ ಬರುತ್ತಿತ್ತು. ಕುಪ್ಪಸಕ್ಕೆ ಕತ್ತರಿಸಿದ ಗುಳೇದಗುಡ್ಡದ ಖಣದ ತುಂಡು, ಈದಿನ ಕುರ್ತಾ ಪೈಜಾಮದ ಬಿಳಿ ಪಾಪ್ಲಿನ್, ಶಾಲೆಯ ಸಮವಸ್ತ್ರದ ನೀಲಿ, ಪೊಲೀಸಪ್ಪನ ಖಾಕಿ. ಇದನ್ನೆಲ್ಲ ಸೌಹಾರ್ದದ ಸಂಕೇತ ಎಂದು ವೇದಿಕೆಯ ಮೇಲೆ ಹೇಳುವವರನ್ನು ಕೇಳಿದ್ದೇವೆ. ಅಬ್ಬಾ ಎಲ್ಲರಿಗೂ ಹೊಲಿಯುತ್ತಿದ್ದರು, ಎಲ್ಲರ ತುಂಡೂ ಒಂದೇ ಚೀಲದಲ್ಲಿ ಬೀಳುತ್ತಿತ್ತು, ಅಷ್ಟೆ.

ಚೀಲವನ್ನು ನೆಲಕ್ಕೆ ಸುರಿದು ಅಮ್ಮ ಆರಿಸಲು ಕೂತರೆ ನಮಗೆ ಹಬ್ಬ. ಹತ್ತಿಯದು ಒಂದು ಕಡೆ, ಟೆರಿಲಿನ್‌ನಂಥ ಜಾರುವ ಬಟ್ಟೆ ಇನ್ನೊಂದು ಕಡೆ. ಜಾರುವ ಬಟ್ಟೆ ಉಗುರಿನಿಂದ ಎಷ್ಟು ಗೀರಿದರೂ ಮಡಿಕೆ ಹಿಡಿಯುವುದಿಲ್ಲ. ಖಣ ನೋಡಲು ಚೆಂದ, ಆದರೆ ಕತ್ತರಿಸಿದ ಕೂಡಲೇ ಅಂಚಿನ ಎಳೆ ಬಿಚ್ಚಿಕೊಳ್ಳುತ್ತದೆ. ಹೊಸ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸದೆ ಅಮ್ಮ ಮುಟ್ಟುತ್ತಿರಲಿಲ್ಲ. ಹೊಲಿದ ಮೇಲೆ ಅದು ಕುಗ್ಗಿದರೆ ಪಕ್ಕದ ಹಳೆಯ ತುಂಡನ್ನು ಎಳೆದು ಹರಿಯುತ್ತದೆ.

ಅಮ್ಮನ ಹತ್ತಿರ ರಟ್ಟಿನದೊಂದು ಅಚ್ಚಿತ್ತು, ಯಾರದೋ ಮದುವೆಯ ಮಿಠಾಯಿ ಡಬ್ಬಿಯಿಂದ ಕತ್ತರಿಸಿದ್ದು, ನಾಲ್ಕೂವರೆ ಇಂಚಿನ ಚೌಕ. ತುಂಡು ನಾಲ್ಕು ಇಂಚಿನದು ಬೇಕಾದರೆ ನಾಲ್ಕೂವರೆ ಕತ್ತರಿಸಬೇಕು. ನಾಲ್ಕೂ ಬದಿಗೆ ಕಾಲು ಕಾಲು ಇಂಚು ಹೊಲಿಗೆಗೆ ಹೋಗುತ್ತದೆ. ಒಂಬತ್ತು ತುಂಡು ಸೇರಿದರೆ ಹನ್ನೆರಡು ಇಂಚಿನ ಒಂದು ಚೌಕ. "ನಾಪ್‌ಕೋ ಕಾಟೋ" ಎನ್ನುತ್ತಿದ್ದಳು, ಅಳೆದು ಕತ್ತರಿಸಿ ಎಂದು. ನಾವು ಕತ್ತರಿಸಿ ಆಮೇಲೆ ಅಳೆಯುವವರು.

ಮೂರು ತುಂಡಿಗೆ ಒಂದು ಸಾಲು, ಇಂಥ ಮೂರು ಸಾಲು. ಮೊದಲ ಸಾಲಿನ ಹೊಲಿಗೆಯ ಅಂಚನ್ನು ಬಲಕ್ಕೆ ಮಡಿಸಿದರೆ ಎರಡನೆಯದನ್ನು ಎಡಕ್ಕೆ ಮಡಿಸಬೇಕು. ಆಗ ಎರಡು ಸಾಲು ಕೂಡುವ ಜಾಗದಲ್ಲಿ ಒಂದರ ಅಂಚು ಇನ್ನೊಂದರ ಅಂಚಿಗೆ ಆತು ಕೂರುತ್ತದೆ, ನಾಲ್ಕು ತುಂಡುಗಳ ಮೂಲೆ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಎಲ್ಲವನ್ನೂ ಒಂದೇ ಕಡೆ ಮಡಿಸಿದರೆ ಅಲ್ಲಿ ಗಂಟು. ಮೂಲೆ ಕೂಡದಿದ್ದರೆ ಅಮ್ಮ ಮಾತಾಡುತ್ತಿರಲಿಲ್ಲ, ಕತ್ತರಿ ಮುಂದೆ ಸರಿಸುತ್ತಿದ್ದಳು. ಬಿಚ್ಚಬೇಕು.

ಹೊಲಿಗೆ ಬಲದಿಂದ ಎಡಕ್ಕೆ ಹೋಗುತ್ತದೆ, ಉರ್ದು ಬರೆದಂತೆ. ಏಳನೆಯ ಇಯತ್ತೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದಾಗ, ಕನ್ನಡದವರು ಎಡದಿಂದ ಬಲಕ್ಕೆ ಹೊಲಿಯುತ್ತಾರೇನೋ ಎಂದು ಹಿಂದಿನ ಮನೆಯ ಕಾಕಿಯನ್ನು ಕೇಳಿದ್ದೆವು. ಅವರು ಹಲ್ಲಿನಲ್ಲಿ ಕಚ್ಚಿದ್ದ ದಾರ ಬಿಟ್ಟು ನಕ್ಕರು. "ಸೂಜಿಗೆ ಯಾವ ಸಾಲಿ ಅದನs ಮಗಳs?"

ಚೌಕ ಜೋಡಿಸುವುದು ಅಮ್ಮನ ಕೆಲಸವಾದರೆ ಪದರ ಹಾಕುವುದರಲ್ಲಿ ಕಾಕಿಯ ಕೈ. ಅಂಗಳದಲ್ಲಿ ಹಳೆಯ ಇಳಕಲ್ ಸೀರೆಗಳನ್ನು ನಾಲ್ಕೈದು ಪದರ ಹಾಸಿ, ಮೂಲೆಗೆ ಕಲ್ಲಿಟ್ಟು, ಮೇಲೆ ಚೌಕಗಳನ್ನು ಹರಡುತ್ತಿದ್ದರು. ಆಮೇಲೆ ಬೆರಳಿನ ಅಗಲಕ್ಕೊಂದು ಸಾಲು, ಎಲ್ಲ ಪದರ ಹಿಡಿದು. ಕೌದಿಯ ಬಿಸಿ ಇರುವುದು ಆ ಒಳಪದರಗಳಲ್ಲಿ, ಮೇಲಿನ ಬಣ್ಣಗಳಲ್ಲಲ್ಲ. ಒಳಗೆ ಏನು ಹಾಕಿದರೆಂದು ಹೊದ್ದವರಿಗೆ ಗೊತ್ತಾಗುವುದೂ ಇಲ್ಲ.

ಎಲ್ಲ ಕೌದಿಯೂ ಹೀಗೇ ಹುಟ್ಟುವುದಿಲ್ಲ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಚೌಕವನ್ನು ಮೊದಲೇ ಜೋಡಿಸುವುದಿಲ್ಲ. ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಹೊಲಿಯುವ ರೀತಿ ಒಂದೇ. ಅಂಚಿನಿಂದ ಶುರುಮಾಡಿ, ಸಿಕ್ಕ ತುಂಡನ್ನು ಮಡಿಸಿ ಇಡುತ್ತ, ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು ಇಡದಿದ್ದರೆ ಕೌದಿ ಬೆತ್ತಲೆ ಎನ್ನುವವರೂ ಅವರಲ್ಲಿದ್ದಾರೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಈ ಕೌದಿಗಳ ಬಗ್ಗೆ ಬರೆದು, ಅಲ್ಲಿ ಪ್ರದರ್ಶನಕ್ಕೂ ಇಟ್ಟರು. ನಮ್ಮ ಅಮ್ಮನಿಗೆ ಆ ಸುತ್ತು ಕಟ್ಟುವ ಧೈರ್ಯ ಇರಲಿಲ್ಲ. ಅವಳಿಗೆ ಎಲ್ಲವೂ ಅಳತೆಯಲ್ಲಿ ಬೇಕು.

ಅಮ್ಮ 2019ರಲ್ಲಿ ತೀರಿಕೊಂಡಳು. ಬಟ್ಟೆಗಳನ್ನು ರೂಢಿಯಂತೆ ಬಡವರಿಗೆ ಕೊಟ್ಟೆವು. ತಸ್‌ಬೀಹ್, ಕನ್ನಡಕ, ಒಂದು ಕೌದಿ ಉಳಿದವು. ಅಮ್ಮನ ಮನೆಯಲ್ಲೇ ಇರುವ ಆಪಾ ಆ ಕೌದಿ ಹೊದ್ದೇ ಮಲಗುವುದು. ಕಳೆದ ಚಳಿಗಾಲದಲ್ಲಿ ನಾವು ಹೋದಾಗ ಅದರ ನಡುವಿನ ಚೌಕ ಸವೆದು ಹೋಗಿತ್ತು. ಇಪ್ಪತ್ತೈದು ವರ್ಷ ಮಡಿಸಿ ಮಡಿಸಿ, ಮಡಿಕೆ ಬೀಳುವ ಜಾಗವದು. ಮೂವರೂ ಕೂತು ಆ ಒಂದು ಚೌಕವನ್ನು ಹೊಸದಾಗಿ ಹೊಲಿಯೋಣ ಎಂದುಕೊಂಡೆವು. ರಟ್ಟಿನ ಅಚ್ಚು ಇನ್ನೂ ಮಷೀನಿನ ಖಾನೆಯಲ್ಲಿತ್ತು.

ಹಳೆಯ ಚೌಕ ಬಿಚ್ಚಿದಾಗ ಕೆಳಗಿನ ಪದರ ಇಳಕಲ್ ಸೀರೆಯದಾಗಿರಲಿಲ್ಲ. ಕೆಂಪು ಬಟ್ಟೆ, ನಾಲ್ಕು ಮಡಿಕೆ ಹಾಕಿದ್ದು. ಅಂಚಿನುದ್ದಕ್ಕೂ ಎರಡು ಸಾಲು ಸಣ್ಣ ಸಣ್ಣ ತೂತು, ಗೋಟಾ ಬಿಚ್ಚಿದ ಗುರುತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ಆಪಾಳ ನಿಕಾಹ್‌ನ ದುಪಟ್ಟಾ.

ಆಪಾಳ ಮದುವೆಯಾದದ್ದು 1995ರಲ್ಲಿ. ಬಾಗಲಕೋಟೆ ಬಿಜಾಪುರದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ, 1997ರಲ್ಲಿ, ಅವಳು ಒಂದು ಟ್ರಂಕಿನೊಂದಿಗೆ ಮರಳಿ ಬಂದಳು. ಆಮೇಲೆ ತಲಾಕ್‌ನಾಮಾ ಅಂಚೆಯಲ್ಲಿ ಬಂತು. ಮನೆಯಲ್ಲಿ ಅದರ ಮಾತು ನಿಂತಿತು. ನೆಂಟರು ಬಂದರೆ ಆಪಾ ಅಡುಗೆಮನೆಯಲ್ಲಿ, ಮದುವೆಯ ಫೋಟೋ ಕಪಾಟಿನ ತಳದಲ್ಲಿ. ಆ ಕೌದಿ ಮುಂದಿನ ಚಳಿಗೆ ಹೊಲಿದದ್ದು.

ಇಲ್ಲಿ ನಮ್ಮದೊಂದು ತಪ್ಪನ್ನೂ ಹೇಳಬೇಕು. ನಮ್ಮಿಬ್ಬರಲ್ಲಿ ಕಥೆ ಬರೆಯುವ ಚಟ ಒಬ್ಬಳದೇ ಆದರೂ, ಬರೆದದ್ದನ್ನು ಮೊದಲು ಓದಿ ತಿದ್ದುವವಳು ಇನ್ನೊಬ್ಬಳು. ಹಾಗಾಗಿ ಕಥೆಯೂ ನಮ್ಮದು, ತಪ್ಪೂ ನಮ್ಮದು. 2008ರಲ್ಲಿ ಒಂದು ಕಥೆ ಅಚ್ಚಾಯಿತು. ಗಂಡ ಬಿಟ್ಟ ಹೆಣ್ಣೊಬ್ಬಳು ಕೊನೆಯಲ್ಲಿ ತನ್ನ ಮದುವೆಯ ಕೆಂಪು ದುಪಟ್ಟಾವನ್ನು ಒಲೆಗೆ ಹಾಕುತ್ತಾಳೆ. ಓದುಗರ ಪತ್ರ ಬಂದವು, ಮೆಚ್ಚಿದರು. ಆಪಾಳನ್ನು ಒಂದು ಮಾತೂ ಕೇಳಿರಲಿಲ್ಲ. ಓದಿ ಅವಳು, "ಬಣ್ಣವನ್ನಾದರೂ ಬದಲಾಯಿಸಬಾರದಿತ್ತೇ" ಎಂದಳು. ಆ ವರ್ಷದ ರಮಝಾನ್ ಪೂರ್ತಿ ನಮ್ಮೊಂದಿಗೆ ಮಾತು ಬಿಟ್ಟಳು.

ಅಮ್ಮನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾವೇ ದಖನಿಯಲ್ಲಿ ಬಿಡಿಸಿ ಹೇಳಿದ್ದೆವು. ಒಲೆಯ ಭಾಗ ಬಂದಾಗ ಕೈಯ ಸೂಜಿ ನಿಲ್ಲಿಸಿ ಕೇಳಿದಳು. "ಇತ್ತಾ ಅಚ್ಛಾ ಕಪಡಾ ಕಾಯ್ಕೂ ಜಲಾಯಿ ಉನೆ?" ಅಷ್ಟು ಒಳ್ಳೆಯ ಬಟ್ಟೆಯನ್ನು ಯಾಕೆ ಸುಟ್ಟಳು? ನಾವು ನಕ್ಕು, ಅದು ಪ್ರತಿಭಟನೆ ಅಮ್ಮಾ ಎಂದು ವಿವರಿಸಲು ಹೋದೆವು. ಅವಳು ಕೇಳಿಸಿಕೊಂಡಳು, ಸೂಜಿಗೆ ದಾರ ಪೋಣಿಸಿದಳು. ಆ ಹೊತ್ತಿಗೆ ದುಪಟ್ಟಾ ಹತ್ತು ವರ್ಷಗಳಿಂದ ಪಕ್ಕದ ಕೋಣೆಯ ಹಾಸಿಗೆಯ ಮೇಲೇ ಇತ್ತು, ಚೌಕದ ಅಡಿಯಲ್ಲಿ.

ನಾವು ಕೇಳದೆ ಆಪಾಳನ್ನು ಮೇಲಿನ ಪದರಕ್ಕೆ ತಂದು ಊರಿಗೆಲ್ಲ ತೋರಿಸಿದೆವು. ಅಮ್ಮ ಕೇಳದೆ ಒಳಗಿಟ್ಟು ಹೊಲಿದಳು. ಎರಡರಲ್ಲಿ ಅಮ್ಮನದೇ ವಾಸಿ ಎನ್ನಲು ಮನಸ್ಸಾಗುತ್ತದೆ, ಆದರೆ ಆಪಾ ಅಡುಗೆಮನೆಯಲ್ಲಿ ಕಳೆದ ಆ ವರ್ಷಗಳೂ ಅದೇ ಒಳಪದರದ್ದೇ ಅಲ್ಲವೇ.

ಆಪಾ ಬಟ್ಟೆಯನ್ನು ಎಳೆದು ಮಂಡಿಯ ಮೇಲೆ ಹರಡಿದಳು. ಅಳುತ್ತಾಳೆಂದು ಕಾದೆವು. ತೂತುಗಳ ಸಾಲಿನ ಮೇಲೆ ಬೆರಳಾಡಿಸಿ, "ಗೋಟಾ ಏನು ಮಾಡಿದಳು? ಅಸಲಿ ಗೋಟಾ ಅದು" ಎಂದಳು. ನಮಗೆ ಗೊತ್ತಿರಲಿಲ್ಲ. ಅವಳ ಹೊಲಿಗೆ ಮಷೀನು ಆ ವರ್ಷವೇ ಮನೆಗೆ ಬಂದದ್ದು ಮಾತ್ರ ನೆನಪಿತ್ತು. ಅದನ್ನು ಹೇಳಿದೆವು. ಅವಳು ಮಷೀನಿನ ಕಡೆ ಒಮ್ಮೆ ನೋಡಿದಳು.

ಆಮೇಲೆ ರಟ್ಟಿನ ಅಚ್ಚು ತೆಗೆದುಕೊಂಡು ದುಪಟ್ಟಾದ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಒಂದೇ ತುಂಡು ಕತ್ತರಿಸಿದಳು. ಉಳಿದದ್ದನ್ನು ಇದ್ದಂತೆಯೇ ಮಡಿಸಿ ಒಳಗಿಟ್ಟಳು, "ಬೆಚ್ಚಗಿರುತ್ತೆ" ಎಂದು. ಕೆಂಪು ತುಂಡನ್ನು ನಾವು ಒಂಬತ್ತರ ನಡುವೆ ಇಟ್ಟೆವು. ಕಥೆ ಬರೆಯುವವರ ಬುದ್ಧಿ. ಆಪಾ ಅದನ್ನೆತ್ತಿ ಎಡಗಡೆಯ ಕೆಳಮೂಲೆಗೆ ಇಟ್ಟಳು. "ನಡುವಿನದು ಬೇಗ ಸವೆಯುತ್ತೆ" ಎಂದಳು. ನಡುವಿಗೆ ಅಬ್ಬಾನ ಲುಂಗಿಯ ತುಂಡು ಬಂತು.

ಸಾಲುಗಳನ್ನು ನಾವು ಕೈಯಲ್ಲೇ ಹೊಲಿದೆವು. ಮೂರನೆಯ ಸಾಲು ಕೂಡಿಸುವಾಗ ಮಗ್ರಿಬ್‌ನ ಅಜಾನ್ ಆಗಿತ್ತು, ಬೆಳಕು ಸಾಲದು. ಕೆಂಪು ತುಂಡಿನ ಮೂಲೆ ಮೇಲಿನ ಸಾಲಿನ ಮೂಲೆಯಿಂದ ಎರಡು ಎಳೆಯಷ್ಟು ಸರಿದಿತ್ತು. ಯಾರಿಗೂ ಕಾಣುವುದಿಲ್ಲ ಬಿಡು ಎಂದೆವು. ಆಪಾ ಏನೂ ಹೇಳದೆ ಕತ್ತರಿಯನ್ನು ನಮ್ಮ ಮುಂದೆ ಸರಿಸಿ, ಲೈಟು ಹಾಕಲು ಎದ್ದಳು.