ಮಾರಿಕುಪ್ಪಂನ ಬೆಳಗಿನ ರೈಲು

ಸಹೋದರಿಯರೇ, ನೀವು ಎಂದಾದರೂ ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲು ಹತ್ತಿದ್ದೀರಾ? ಇಲ್ಲವಾದರೆ ಒಮ್ಮೆ ಹತ್ತಿ ನೋಡಿ. ಕತ್ತಲು ಹರಿಯುವ ಮುನ್ನವೇ ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಊಟದ ಡಬ್ಬಿ ಹಿಡಿದ ಗಂಡಸರು, ಹೆಂಗಸರು ಕಾದು ನಿಂತಿರುತ್ತಾರೆ. ಬಂಗಾರಪೇಟೆ ಜಂಕ್ಷನ್ ಬರುವಷ್ಟರಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಅಲ್ಲಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಇವರೆಲ್ಲ ರಾತ್ರಿ ಮಾತ್ರ ಮನೆಯಲ್ಲಿರುವವರು.

ಒಂದು ಕಾಲದಲ್ಲಿ ಜನ ಈ ಊರಿಗೆ ದುಡಿಯಲು ಬರುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಗಣಿಗಾರಿಕೆಗೆ ಇಳಿದ ಮೇಲೆ ತಮಿಳು, ತೆಲುಗು ಸೀಮೆಗಳಿಂದ ಸಾವಿರಾರು ಬಡವರು ಇಲ್ಲಿಗೆ ವಲಸೆ ಬಂದರು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂತು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ವಲಸೆ ಬಂದವರ ಮಕ್ಕಳು, ಮೊಮ್ಮಕ್ಕಳು ತಾವೇ ವಲಸೆ ಹೊರಟರು. ಕೆಲವರು ದಿನವೂ ಬೆಂಗಳೂರಿಗೆ, ಕೆಲವರು ವರ್ಷಗಟ್ಟಲೆ ಗಲ್ಫ್ ದೇಶಗಳಿಗೆ.

ಇಲ್ಲಿನ ಹಿರಿಯ ಹೆಂಗಸರನ್ನು ಮಾತಾಡಿಸಿದರೆ ಒಂದು ಸಂಗತಿ ಹೇಳುತ್ತಾರೆ. ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳ ನೆಲವೂ ನಡುಗುತ್ತಿತ್ತು. ಮಡದಿಯರು, ತಾಯಂದಿರು ಗಣಿಯ ಬಾಯಿಗೆ ಓಡುತ್ತಿದ್ದರು. ಅಪಾಯ ಎಲ್ಲರಿಗೂ ತಿಳಿಯುತ್ತಿತ್ತು. ಇಂದಿನ ಸಂಕಟ ಹಾಗಲ್ಲ. ಅದು ಒಂದೇ ಮನೆಯ ನಾಲ್ಕು ಗೋಡೆಯೊಳಗೆ ಸಿಡಿಯುತ್ತದೆ, ಪಕ್ಕದ ಮನೆಗೂ ಕೇಳಿಸುವುದಿಲ್ಲ.

ಆ ರೈಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ರಾಬರ್ಟ್‌ಸನ್‌ಪೇಟೆಯ ಯುವತಿಯೊಬ್ಬಳು ಮಾತಿಗೆ ಮಾತು ಬಂದು ತನ್ನ ಅಕ್ಕನ ಕಥೆ ಹೇಳಿದಳು. ಏಜೆಂಟ್ ಒಬ್ಬ ವಿಸಿಟ್ ವೀಸಾದಲ್ಲಿ ಅವಳನ್ನು ಗಲ್ಫ್‌ಗೆ ಮನೆಗೆಲಸಕ್ಕೆ ಕಳಿಸಿದ್ದ. ಪಾಸ್‌ಪೋರ್ಟ್ ಯಜಮಾನನ ಕೈಯಲ್ಲಿ. ಮೂರು ತಿಂಗಳಿನಿಂದ ಸಂಬಳವಿಲ್ಲ.

"ಯಾರಿಗಾದರೂ ತಿಳಿಸಿದ್ದೀಯೇನಮ್ಮಾ?" ಎಂದೆ.

"ಯಾರಿಗೆ ಹೇಳೋದು ಆಪಾ? ಏಜೆಂಟ್ ಫೋನ್ ಎತ್ತಲ್ಲ. ಊರಲ್ಲಿ ಗೊತ್ತಾದರೆ ಅಕ್ಕನ ಮಗಳ ಮದುವೆಗೆ ತೊಂದರೆ ಅಂತ ಅಮ್ಮ ಬಾಯಿ ಮುಚ್ಚಿಸಿದ್ದಾರೆ."

ನಾನು ಒಂದು ಚೀಟಿಯಲ್ಲಿ 1800 11 3090 ಎಂದು ಬರೆದುಕೊಟ್ಟೆ. ಇದು ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ. ಅಲ್ಲಿರುವವರೇ ಕರೆ ಮಾಡಬೇಕೆಂದಿಲ್ಲ, ಇಲ್ಲಿರುವ ತಾಯಿ, ತಂಗಿಯೂ ಮಾಡಬಹುದು. 2015ರಲ್ಲಿ ಆರಂಭವಾದ 'ಮದದ್' ಜಾಲತಾಣದಲ್ಲೂ ದೂರು ದಾಖಲಿಸಬಹುದು. ದಿಕ್ಕಿಲ್ಲದವರ ಆಶ್ರಯಕ್ಕೆ, ಮರಳುವ ಟಿಕೆಟಿಗೆ ನಮ್ಮ ರಾಯಭಾರ ಕಚೇರಿಗಳಲ್ಲಿ 2009ರಿಂದ ಸಮುದಾಯ ಕಲ್ಯಾಣ ನಿಧಿಯೂ ಇದೆ. ದೂರು ಕೊಡುವಾಗ ಪಾಸ್‌ಪೋರ್ಟ್, ವೀಸಾದ ನಕಲು, ಯಜಮಾನನ ವಿಳಾಸ ಕೈಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಆದ್ದರಿಂದ ನಿಮ್ಮ ಮನೆಯವರು ವಿಮಾನ ಹತ್ತುವ ಮುನ್ನವೇ ಒಂದೊಂದು ಪ್ರತಿ ತೆಗೆದಿಟ್ಟುಕೊಳ್ಳಿ.

ಹೊರಡುವ ಮುನ್ನ ಇನ್ನೊಂದು ಎಚ್ಚರ. ಹತ್ತನೇ ತರಗತಿ ಮುಗಿಸದವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕು. ಈ ವರ್ಗದ ಹೆಣ್ಣುಮಕ್ಕಳಿಗೆ 30 ವರ್ಷ ತುಂಬಿರಬೇಕು. 'ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ' ಎನ್ನುವ ಏಜೆಂಟ್ ಈ ರಕ್ಷಣೆಯಿಂದಲೇ ನಿಮ್ಮನ್ನು ತಪ್ಪಿಸುತ್ತಿದ್ದಾನೆ. ಏಜೆಂಟನಿಗೆ ಸರ್ಕಾರದ ಪರವಾನಗಿ ಇದೆಯೇ ಎಂದು 'ಇ-ಮೈಗ್ರೇಟ್' ಜಾಲತಾಣದಲ್ಲಿ ನೋಡಿ.

ಕಷ್ಟ ಮನೆಯೊಳಗೇ ಇದ್ದರೆ? ಪ್ರಾಣಕ್ಕೆ ಅಪಾಯವಿದ್ದರೆ 112. ಗಂಡನ ಹೊಡೆತ, ವರದಕ್ಷಿಣೆ ಕಿರುಕುಳಗಳಿಗೆ ಮಹಿಳಾ ಸಹಾಯವಾಣಿ 181. ಬಂಗಾರಪೇಟೆಯಂಥ ಜಂಕ್ಷನ್‌ನಲ್ಲಿ ಒಂಟಿಯಾಗಿ ಅಲೆಯುವ ಮಗು ಕಣ್ಣಿಗೆ ಬಿದ್ದರೆ 1098. 1996ರಲ್ಲಿ ಮುಂಬೈಯಲ್ಲಿ ಆರಂಭವಾದ ಈ ಮಕ್ಕಳ ಸಹಾಯವಾಣಿಯನ್ನು ಈಗ ಸರ್ಕಾರವೇ ನಡೆಸುತ್ತಿದೆ. ಸಾಲ, ಕುಡಿತ, ಒಂಟಿತನದಿಂದ ಮನಸ್ಸು ಕುಸಿದವರಿಗೆ 2022ರಲ್ಲಿ ಶುರುವಾದ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ. ಅದಕ್ಕೆ 15100. ಫೋನೇ ಇಲ್ಲದ ಸಹೋದರಿ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಲಿ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿಯಾಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಅವರೇ ದಾರಿ ತೋರಿಸುತ್ತಾರೆ.

ಇಷ್ಟೆಲ್ಲ ಇದ್ದೂ ನಮ್ಮ ಮನೆಗಳಿಂದ ಕರೆ ಹೋಗುವುದು ಕಡಿಮೆ. 'ಸಬರ್ ಮಾಡು, ಮನೆಯ ಮಾತು ಹೊರಗೆ ಹೋಗಬಾರದು' ಎಂದು ನಾವೇ ಹೇಳುತ್ತೇವೆ. ಆದರೆ ಸಬರ್ ಎಂದರೆ ಅನ್ಯಾಯವನ್ನು ನುಂಗಿಕೊಂಡು ಕೂರುವುದಲ್ಲ. ದಂಪತಿಗಳ ನಡುವೆ ಬಿರುಕು ಮೂಡುವ ಭಯವಿದ್ದಾಗ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥನನ್ನು ನೇಮಿಸಲು ಸೂರಃ ಅನ್ನಿಸಾದಲ್ಲಿ ಆದೇಶವಿದೆ. ಅಂದರೆ ಮಾತನ್ನು ಮುಚ್ಚಿಡಬೇಡಿ, ನಂಬುವವರ ಮುಂದೆ ತನ್ನಿ ಎಂದೇ ಅರ್ಥವಲ್ಲವೇ? ಝಕಾತಿನ ಎಂಟು ಹಕ್ಕುದಾರರಲ್ಲಿ ದಾರಿಯಲ್ಲಿ ಸಿಲುಕಿದ ಪ್ರಯಾಣಿಕನೂ ಒಬ್ಬ. ಪರದೇಶದಲ್ಲಿ ಸಿಲುಕಿದ ಮಗಳನ್ನು ಮರೆಯುವ ಮೊಹಲ್ಲಾ ಆ ಹಕ್ಕನ್ನೂ ಮರೆತಂತೆ.

ಆ ಯುವತಿ ವೈಟ್‌ಫೀಲ್ಡ್‌ನಲ್ಲಿ ಇಳಿದಳು. ಇಳಿಯುವ ಮುನ್ನ ಚೀಟಿಯನ್ನು ಮಡಚಿ ಸೀಸನ್ ಟಿಕೆಟಿನ ಜೊತೆ ಇಟ್ಟುಕೊಂಡಳು. "ಅಮ್ಮನಿಗೆ ಹೇಳದೇ ಮಾಡ್ತೀನಿ ಆಪಾ" ಎಂದಳು. ಅವಳ ಅಕ್ಕ ಮರಳಿ ಬರಲೆಂದು ನೀವೂ ದುಆ ಮಾಡಿ. ಜೊತೆಗೆ ಈ ಸಂಖ್ಯೆಗಳನ್ನು ನಿಮ್ಮ ಅಡುಗೆಮನೆಯ ಕಪಾಟಿನ ಒಳಬಾಗಿಲ ಮೇಲೆ ಇಂದೇ ಬರೆದಿಡಿ. ನಿಮಗೆ ಬೇಡವಾದರೂ, ಸಕ್ಕರೆ ಕೇಳುವ ನೆಪದಲ್ಲಿ ಬಾಗಿಲಿಗೆ ಬಂದು ನಿಲ್ಲುವ ನೆರೆಯಾಕೆಗೆ ಬೇಕಾದೀತು.