ದಡದಲ್ಲಿ ಕೂತವಳು

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂಬ ಗಾದೆ ಕಟ್ಟಿದ ಪುಣ್ಯಾತ್ಮ, ನಾಲ್ಕು ವರ್ಷದ ಮಗುವನ್ನು ಬೆಳಿಗ್ಗೆ ಏಳಕ್ಕೆ ಈಜುಕೊಳದ ಮೆಟ್ಟಿಲ ಮೇಲೆ ನಿಲ್ಲಿಸಿ ನೋಡಿದವನಲ್ಲ. ಇಳಿದ ಮೇಲಿನ ಮಾತು ಆಮೇಲೆ. ಇಳಿಸುವುದೇ ಒಂದು ಯಜ್ಞ.

ಬೆಂಗಳೂರಿನ ಆ ಅಮ್ಮನಿಗೆ ಮಕ್ಕಳಿಬ್ಬರು. ಮಗಳಿಗೆ ಏಳು, ಮಗನಿಗೆ ನಾಲ್ಕು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದದ್ದೇ ತಡ, ಇಬ್ಬರನ್ನೂ 21 ದಿನದ ಬೇಸಿಗೆ ಶಿಬಿರಕ್ಕೆ ಸೇರಿಸಿದಳು. ಪಾಠ ಮುಕ್ಕಾಲು ಗಂಟೆ. ಅದಕ್ಕೆ ಹೊರಡಿಸಲು ಒಂದು ಗಂಟೆ, ಮುಗಿದ ಮೇಲೆ ಒರೆಸಿ, ಉಡಿಸಿ, ತಿನ್ನಿಸಿ ಮನೆ ಸೇರಿಸಲು ಇನ್ನೊಂದು.

ಟೋಪಿಯೊಂದರ ಕಥೆಯನ್ನೇ ನೋಡಿ. ಸಿಲಿಕೋನ್ ಟೋಪಿ ತಲೆಗೇರುವಷ್ಟರಲ್ಲಿ ಹಣೆಯ ಕೂದಲೊಂದಿಷ್ಟು ಅದಕ್ಕೆ ಕಚ್ಚಿಕೊಂಡಿರುತ್ತದೆ, ಹುಡುಗ ಊರಿಗೆಲ್ಲ ಕೇಳುವಂತೆ ಕಿರುಚಿರುತ್ತಾನೆ. ಮೂರನೆಯ ದಿನ ಪಕ್ಕದ ಬೆಂಚಿನಲ್ಲಿ ಮೊಮ್ಮಗನಿಗಾಗಿ ಕಾಯುತ್ತಿದ್ದ ಅಜ್ಜಿಯೊಬ್ಬರು, "ಒಳಗಡೆ ಚೂರು ಪೌಡರ್ ಉದುರಿಸಮ್ಮಾ" ಎಂದರು. ಉದುರಿಸಿದಳು. ಟೋಪಿ ಸರ್ರನೆ ಇಳಿಯಿತು. ಕಟ್ಟಿದ ಫೀಸಿನಲ್ಲಿ ಇಂಥ ವಿದ್ಯೆ ಬರುವುದಿಲ್ಲ.

ನೀರಿಗಿಳಿಯುವ ಮೊದಲು ಶವರ್ ಕಡ್ಡಾಯ. "ಮನೇಲೇ ಸ್ನಾನ ಆಯ್ತಲ್ಲಮ್ಮಾ, ಮತ್ತೆ ಯಾಕೆ?" ಎಂದು ಮಗಳ ತಕರಾರು. ಉತ್ತರ ರಸಾಯನಶಾಸ್ತ್ರದಲ್ಲಿದೆ. ಕೊಳದ ಬಳಿ ಮೂಗಿಗೆ ಹೊಡೆಯುವ ಘಾಟು ಬರೀ ಕ್ಲೋರಿನ್‌ನದಲ್ಲ. ಕ್ಲೋರಿನ್‌ಗೆ ಮೈಯ ಬೆವರು, ಮೂತ್ರ ಸೇರಿ ಹುಟ್ಟುವ ಕ್ಲೋರಮೈನ್‌ನದು. ಕಣ್ಣು ಉರಿದು ಕೆಂಪಾಗುವುದೂ ಹೆಚ್ಚಾಗಿ ಅದರಿಂದಲೇ. ಘಾಟು ಜೋರಾಗಿದೆ, ಹಾಗಾದರೆ ನೀರು ಚೊಕ್ಕಟ ಎಂದು ಸಮಾಧಾನಪಡುವ ಹಾಗಿಲ್ಲ. ಇದನ್ನೆಲ್ಲ ಅವಳು ಬಿಡಿಸಿ ಹೇಳುತ್ತಿದ್ದಾಗ ಮಗ ಗಂಭೀರವಾಗಿ ಅಂದ: "ನಾನು ಸ್ವಲ್ಪಾನೇ ಮಾಡಿದ್ದು."

ಅವಳ ತವರು ತಿಪಟೂರಿನ ಕಡೆ. ತೋಟದ ಬಾವಿಯಲ್ಲಿ ಅಣ್ಣಂದಿರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಧುಮುಕುತ್ತಿದ್ದರು. ಬಲಿತ ಸೋರೆಕಾಯಿಯನ್ನು ಕೀಳದೆ ಒಣಗಲು ಬಿಟ್ಟರೆ ತಿರುಳು ಬತ್ತಿ, ಸಿಪ್ಪೆ ಮರದಷ್ಟು ಗಟ್ಟಿಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ, ಉಳಿದದ್ದೆಲ್ಲ ಗಾಳಿ. ಆ ಗಾಳಿಯೇ ಹುಡುಗರನ್ನು ತೇಲಿಸುತ್ತಿದ್ದದ್ದು. ಬುರುಡೆ ಸಿಗದವರಿಗೆ ಬಾಳೆದಿಂಡು, ಬೆಂಡು. ಬರಬರುತ್ತಾ ಬಾಯಿ ಬೆಸೆದ ಎಣ್ಣೆ ಡಬ್ಬ, ಲಾರಿ ಟ್ಯೂಬು. ಗುರು ಎಂದರೆ ಸೋದರಮಾವ. ದಿನದಿನಕ್ಕೆ ಹಗ್ಗ ಸಡಿಲ ಮಾಡುತ್ತಾ ಬಂದು, ಒಂದು ಬೆಳಿಗ್ಗೆ ಬುರುಡೆ ಬಿಚ್ಚಿಟ್ಟು ಹುಡುಗನನ್ನು ಹಾಗೇ ನೂಕಿಬಿಡುವುದು ಅವರ ಪಾಠಕ್ರಮ. ಹೆಣ್ಣುಮಕ್ಕಳ ಕೆಲಸ ದಡದಲ್ಲಿ ಕೂತು ಬಟ್ಟೆ ಕಾಯುವುದು. "ಬಾವಿಗೆ ಇಣುಕಿದ್ರೆ ಕಾಲು ಮುರೀತೀನಿ" ಎಂದು ಅಜ್ಜಿ ಹಾಕಿದ್ದ ಗೆರೆಯನ್ನು ಅವಳು ದಾಟಲಿಲ್ಲ. ಮೂವತ್ತು ವರ್ಷವಾದರೂ ಕೆಲಸ ಬದಲಾಗಿಲ್ಲ. ಬಟ್ಟೆಯ ಜೊತೆಗೆ ಗಾಗಲ್ಸು, ಇಡ್ಲಿ ಡಬ್ಬ ಸೇರಿವೆ, ಅಷ್ಟೆ.

ಮಕ್ಕಳನ್ನು ನೀರಿಗಿಳಿಸುವ ವಿಷಯದಲ್ಲಿ ಹಳಗಾಲದ ಕವಿಗಳೂ ನೆರವಿಗೆ ಬರುವುದಿಲ್ಲ. ಮಹಾಕಾವ್ಯ ಎನಿಸಿಕೊಳ್ಳಬೇಕಾದರೆ ಹದಿನೆಂಟು ವರ್ಣನೆ ಬೇಕು, ಅದರಲ್ಲಿ ಜಲಕ್ರೀಡೆಯೂ ಒಂದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲೂ ಜಲಕ್ರೀಡೆ ಅರಸರ ವಿನೋದಗಳ ಸಾಲಿನಲ್ಲಿದೆ. ಈ ರಾಜರಾಣಿಯರು ಚಿಕ್ಕಂದಿನಲ್ಲಿ ಮೊದಲ ಬಾರಿ ನೀರಿಗಿಳಿದಾಗ ಎಷ್ಟು ಅತ್ತರು, ಯಾರ ಸೆರಗು ಹಿಡಿದು ಜಗ್ಗಿದರು ಎಂಬುದು ಮಾತ್ರ ಯಾವ ವರ್ಣನೆಗೂ ಒದಗಿದಂತಿಲ್ಲ.

ಮಗನ ತೋಳಿಗೆ ಅವಳು ಊದಿ ಕಟ್ಟಿದ ಕಿತ್ತಳೆ ಬಣ್ಣದ ಗಾಳಿಪಟ್ಟಿಗೂ ಒಬ್ಬ ಅಪ್ಪನ ಹೆದರಿಕೆಯೇ ಮೂಲ. 1956ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಬರ್ನ್‌ಹಾರ್ಡ್ ಮಾರ್ಕ್‌ವಿಟ್ಸ್‌ನ ಮೂರು ವರ್ಷದ ಮಗಳು ಹೊಂಬಣ್ಣದ ಮೀನು ಸಾಕಿದ್ದ ಕೊಳಕ್ಕೆ ಬಿದ್ದಳು. ಮಗು ಉಳಿಯಿತು, ಅಪ್ಪನಿಗೆ ನಿದ್ದೆ ಹೋಯಿತು. ಸೊಂಟದ ಸುತ್ತಿನ ಟ್ಯೂಬಿನಿಂದ ಮಗು ಜಾರೀತು, ತೋಳಿಗೇ ಕಟ್ಟಿದರೆ ಹೇಗೆ ಎಂದು ಯೋಚಿಸಿದ. ಲಾಟರಿಯಲ್ಲಿ ಎರಡೂವರೆ ಲಕ್ಷ ಮಾರ್ಕ್‌ನಷ್ಟು ಹಣ ಬಂತು, ಅದನ್ನೇ ಹಾಕಿ ತಯಾರಿಕೆಗಿಳಿದ. 1964ರ ಹೊತ್ತಿಗೆ ಪಟ್ಟಿ ಮಾರುಕಟ್ಟೆಯಲ್ಲಿತ್ತು. ಒಟ್ಟಿನಲ್ಲಿ ಸೋರೆಬುರುಡೆಯೊಳಗಿದ್ದ ಗಾಳಿಯೇ ಪ್ಲಾಸ್ಟಿಕ್ಕಿಗೆ ಮನೆ ಬದಲಾಯಿಸಿತು.

ಕೋಚ್‌ಗೆ ಆ ಗಾಳಿಪಟ್ಟಿ ಹಿಡಿಸಲಿಲ್ಲ. "ಇದಿದ್ರೆ ಮಗು ನೀರಲ್ಲಿ ನೆಟ್ಟಗೆ ನಿಲ್ಲುತ್ತೆ ಮೇಡಂ. ಈಜೋಕೆ ಮಲಗಬೇಕು" ಎಂದು ಆರನೆಯ ದಿನ ಬಿಚ್ಚಿಸಿದರು. "ಸರ್ ಕೈ ಬಿಟ್ಬಿಡ್ತಾರೆ ಅಮ್ಮಾ!" ಎಂದು ಹುಡುಗ ಅರ್ಧ ಗಂಟೆ ಅತ್ತ.

ಇಂಥ ಅಳುವಿಗೆ ಬೆಂಗಳೂರಿನಲ್ಲಿ ಸಮಾಧಾನದ ಉದಾಹರಣೆಗಳಿಗೇನೂ ಬರವಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ನಿಶಾ ಮಿಲೆಟ್ ಐದು ವರ್ಷದವರಿದ್ದಾಗ ಮುಳುಗುವುದರಲ್ಲಿದ್ದವರು. 2024ರಲ್ಲಿ 14ನೆಯ ವಯಸ್ಸಿಗೇ ಪ್ಯಾರಿಸ್‌ಗೆ ಹೋದ ಧಿನಿಧಿ ದೇಸಿಂಗುಗೆ ಮೊದಮೊದಲು ನೀರೆಂದರೆ ಆಗುತ್ತಿರಲಿಲ್ಲ. ನಾಚಿಕೆಯ ಹುಡುಗಿ ನಾಲ್ಕು ಮಕ್ಕಳೊಡನೆ ಬೆರೆಯಲಿ ಎಂದು ಅಪ್ಪ ಅಮ್ಮ ಕೊಳಕ್ಕೆ ಸೇರಿಸಿದ್ದು.

ಒಂಬತ್ತನೆಯ ದಿನ ಅಮ್ಮ ಫೋನಿನಲ್ಲಿ ಮೆಸೇಜ್ ಓದುತ್ತಿದ್ದಳು. ತಲೆಯೆತ್ತಿದಾಗ ಕೋಚ್ ಮಗನನ್ನು ಕಂಕುಳಿಗೆ ಕೈಹಾಕಿ ಮೇಲೆತ್ತುತ್ತಿದ್ದರು. ಚಿಕ್ಕ ಕೊಳದ ಮೆಟ್ಟಿಲಿನಿಂದ ಕಾಲು ಜಾರಿತ್ತು. ಕೂಗಿಲ್ಲ, ಕೈ ಬೀಸಲಿಲ್ಲ, ನೀರು ಚಿಮ್ಮಿದ ಸದ್ದೂ ಇಲ್ಲ. ಸಿನಿಮಾದಲ್ಲಿ ಮುಳುಗುವವರು ಕೂಗುತ್ತಾರೆ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗು ಎಲ್ಲಿಂದ ಬರಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು. ಒಂದು ವರ್ಷ ದಾಟಿದ ಮೇಲೆ ಈಜು ಪಾಠ ಅಪಾಯವನ್ನು ತಗ್ಗಿಸಬಲ್ಲದು ಎನ್ನುವ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ, ಮಗು ದೊಡ್ಡವರ ಕೈಯಳತೆ ಬಿಟ್ಟು ದೂರ ಹೋಗಬಾರದು ಎಂದೇ ಹೇಳುವುದು. ಮಾರನೆಯ ದಿನದಿಂದ ಫೋನು ಸ್ಕೂಟರಿನ ಡಿಕ್ಕಿಯಲ್ಲೇ ಉಳಿಯಿತು.

ಆ ಭಯದಲ್ಲಿ ಇನ್ನೊಂದು ಮಾತೂ ಅವಳನ್ನು ಕೊರೆಯಿತು. ಕೋಚ್ ಆ ಕಡೆ ತಿರುಗಿದ್ದಿದ್ದರೆ, ಎರಡೂವರೆ ಅಡಿಯ ಚಿಕ್ಕ ಕೊಳದಲ್ಲಾದರೆ ಸರಿ, ಆಚೆಯ ದೊಡ್ಡ ಕೊಳದಲ್ಲಿ ತನ್ನಿಂದ ಏನಾಗುತ್ತಿತ್ತು?

21ನೆಯ ದಿನ ಮಗಳು ಕೊಳದ ಅಡ್ಡಗಲ ಈಜಿ ದಾಟಿದಳು. ಮಗ ನೀರಲ್ಲಿ ಮುಖ ಅದ್ದಿ ಐದರವರೆಗೆ ಎಣಿಸಿದ. ತುಟಿ ನೀಲಿಗಟ್ಟಿ ಹಲ್ಲು ಕಟಕಟಿಸುತ್ತಿದ್ದರೂ ಏಳಲೊಲ್ಲ. ಟವೆಲ್ಲು ಸುತ್ತಿ ನಾಲ್ಕು ಇಡ್ಲಿ ತಿನ್ನಿಸಿ ಅವಳು ಆಫೀಸಿನ ಕಿಟಕಿಗೆ ಹೋದಳು. ಹೆಂಗಸರ ಬ್ಯಾಚ್ ಶನಿವಾರ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಫೀಸು ಕಟ್ಟಿಯಾಗಿದೆ. ಬಟ್ಟೆ ಕಾಯುವ ಪಾಳಿ ಮಕ್ಕಳ ಅಪ್ಪನದು.