ನೂರು ದಿನ ತುಂಬದ ಸಹಿ

ಇಂಡಿಯ ಲಿಂಬೆ ತೋಟಗಳನ್ನೂ ಸಿಂದಗಿಯ ತೊಗರಿ ಹೊಲಗಳನ್ನೂ ದಾಟಿ ಬಂದಿದ್ದೀರಿ. ಮುದ್ದೇಬಿಹಾಳದ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಜಮಖಾನದ ಮೇಲೆ ಕೂತಿದ್ದೀರಿ. ಮನೆಯ ಹಿರಿಯರು ತಗಡಿನ ಟ್ರಂಕು ಎಳೆದು ತಂದು ಮುಚ್ಚಳ ತೆಗೆಯುತ್ತಾರೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯುತ್ತದೆ.

"ನಮ್ಮಪ್ಪಗ ಬಂದ ಕಾಗದ ನೋಡ್ರಿ ಇದು. ಮುಖ್ಯಮಂತ್ರಿ ಕಂಠಿ ಸಾಹೇಬ್ರು ಸಹಿ ಮಾಡ್ಯಾರ. ಖರೇನೋ ಖೊಟ್ಟಿನೋ ನೀವ ಹೇಳ್ರಿ."

ಕಣ್ಣು ನೇರ ಸಹಿಗೇ ಹೋಗುತ್ತದೆ. ತಡೆಯಿರಿ, ಮೊದಲು ದಿನಾಂಕ ಓದಿ. ಏಪ್ರಿಲ್ 1962. ಎದೆ ಹೊಡೆದುಕೊಳ್ಳತೊಡಗುತ್ತದೆ.

1962ರಲ್ಲಿ ಮೈಸೂರು ರಾಜ್ಯ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು, ಮೂವರಿಗೂ ಅಖಂಡ ವಿಜಾಪುರ ಜಿಲ್ಲೆಯ ನಂಟು. ಮಾರ್ಚ್‌ವರೆಗೆ ಜಮಖಂಡಿಯ ಬಿ.ಡಿ. ಜತ್ತಿ. ಚುನಾವಣೆಯಲ್ಲಿ, ಮುಖ್ಯಮಂತ್ರಿಯಾಗಬೇಕಿದ್ದ ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತದ್ದರಿಂದ ಮಾರ್ಚ್ 14ರಂದು ಕುರ್ಚಿಗೆ ಬಂದವರು ಹುನಗುಂದದ ಶಾಸಕ ಎಸ್.ಆರ್. ಕಂಠಿ. ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದು ಬಂದ ಮೇಲೆ, ಜೂನ್‌ನಲ್ಲಿ, ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು. ನೂರು ದಿನವೂ ತುಂಬಲಿಲ್ಲ. ಸಭಾಧ್ಯಕ್ಷರಾಗಿ, ಆಮೇಲೆ ಶಿಕ್ಷಣ ಮಂತ್ರಿಯಾಗಿ ಅವರು ಮಾಡಿದ ಸಹಿಗಳಿಗೆ ಬರವಿರಲಾರದು. ಮುಖ್ಯಮಂತ್ರಿಯಾಗಿ ಮಾಡಿದ್ದು ಮಾತ್ರ ಅಪರೂಪ. ನನ್ನ ಮಟ್ಟಿಗೆ ಅದು ದೊಡ್ಡ ರಾಷ್ಟ್ರನಾಯಕರ ಸಹಿಗಿಂತ ಒಂದು ತೂಕ ಹೆಚ್ಚು.

ಈಗ ತಲೆಬರಹ ನೋಡಿ. "ಮೈಸೂರು" ಎಂದೇ ಇದೆಯೇ? ರಾಜ್ಯ "ಕರ್ನಾಟಕ"ವಾದದ್ದು 1973ರ ನವೆಂಬರ್ 1ರಂದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಅಲ್ಲೇ ಕೈಬಿಡಿ, ಅದು ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಈ ಕಾಗದದಲ್ಲಿ ಪಿನ್‌ಕೋಡ್ ಇಲ್ಲ.

ಕಿಟಕಿಯ ಬೆಳಕಿಗೆ ತನ್ನಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಕಣ್ಣಿಗೆ ಹಿಡಿಯಿರಿ. ಅಚ್ಚಾದ ಸಹಿಯಾದರೆ ಸಣ್ಣ ಸಣ್ಣ ಚುಕ್ಕೆಗಳು ಕಾಣಬಹುದು. ರಬ್ಬರ್ ಮುದ್ರೆಯಾದರೆ ಗೆರೆಯ ಅಂಚಿನಲ್ಲಿ ಶಾಯಿ ಒತ್ತರಿಸಿ ನಿಂತಿರುತ್ತದೆ, ಒತ್ತಡ ಎಲ್ಲ ಕಡೆಯೂ ಒಂದೇ. ಇಲ್ಲಿ ಹಾಗಿಲ್ಲ. ಶಾಯಿ ಕಾಗದದ ಎಳೆಗಳಿಗೆ ಇಳಿದಿದೆ, ಒಂದು ಗೆರೆ ಇನ್ನೊಂದನ್ನು ದಾಟುವಲ್ಲಿ ದಟ್ಟವಾಗಿದೆ, ಕೊನೆಯ ಎಳೆ ಸಣ್ಣಗಾಗಿ ಮೇಲೆದ್ದಿದೆ. ಪೆನ್ನು ಹಿಡಿದ ಕೈ ಓಡಿದ್ದು ಗೊತ್ತಾಗುತ್ತದೆ. ಆದರೆ ಅದು ಆಪ್ತ ಕಾರ್ಯದರ್ಶಿಯ ಕೈಯೂ ಆಗಿರಬಹುದು. ಅದೇ ಕಾಲದ, ಸಂಶಯವಿಲ್ಲದ ಸಹಿಗಳ ಪಕ್ಕ ಇಟ್ಟು ನೋಡುವವರೆಗೆ "ಖರೆ" ಎಂದು ಹೇಳುವಂತಿಲ್ಲ.

"ಲಕೋಟೆ ಐತೇನ್ರಿ?" ಎಂದು ಕೇಳುತ್ತೀರಿ. ಟ್ರಂಕಿನ ತಳದಿಂದ ಅದೂ ಬರುತ್ತದೆ, ಅಂಚೆ ಮುದ್ರೆಯ ಸಮೇತ. ಮುದ್ರೆಯ ತಾರೀಖು ಪತ್ರದ ತಾರೀಖಿಗೆ ಕೂಡುತ್ತದೆ. ಸಾಕ್ಷಿ ಗಟ್ಟಿಯಾಗುತ್ತಿದೆ.

ಸಂಜೆಗೆ ಬಸವನ ಬಾಗೇವಾಡಿ. ಇಲ್ಲಿ ತೋರಿಸುವುದು ಆಲಮಟ್ಟಿ ಅಣೆಕಟ್ಟಿನ ಅಡಿಗಲ್ಲಿನ ದಿನದ್ದೆಂಬ ಲಾಲ್ ಬಹಾದುರ್ ಶಾಸ್ತ್ರಿಯವರ ಸಹಿ. ಕೆಳಗೆ "ಪ್ರಧಾನಮಂತ್ರಿ" ಎಂದಿದೆ, ದಿನಾಂಕ 22 ಮೇ 1964. ಅಡಿಗಲ್ಲು ಇಟ್ಟದ್ದು ಆ ದಿನವೇ, ನಿಜ. ಆದರೆ ಆಗ ಪ್ರಧಾನಿ ನೆಹರೂ, ಅವರು ತೀರಿಕೊಂಡದ್ದು ಮೇ 27ಕ್ಕೆ. ಶಾಸ್ತ್ರಿಯವರು ಪ್ರಧಾನಿಯಾದದ್ದು ಜೂನ್ 9ರಂದು. ಭೂತಗನ್ನಡಿ ಚೀಲದಿಂದ ತೆಗೆಯುವ ಕೆಲಸವೇ ಬೀಳಲಿಲ್ಲ.

ಗಾಂಧೀಜಿಯವರ ಸಹಿಗೆ ಮೋಸ ಇನ್ನೂ ಹೆಚ್ಚು. ಹರಿಜನ ನಿಧಿಗಾಗಿ ಐದು ರೂಪಾಯಿ ಪಡೆದು ಅವರು ಎಷ್ಟೋ ಜನರಿಗೆ ಸಹಿ ಕೊಟ್ಟರು, ಹಾಗಾಗಿ "ನಮ್ಮ ಅಜ್ಜನಿಗೂ ಕೊಟ್ಟಿದ್ದರು" ಎಂಬ ಮಾತು ಸುಲಭವಾಗಿ ನಂಬಿಕೆ ಗಳಿಸುತ್ತದೆ. ಕತ್ತಲೆಯಲ್ಲಿ ಅತಿನೇರಳೆ ಟಾರ್ಚು ಹಿಡಿಯಿರಿ. ಕಾಗದ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕವಿದೆ. ಕಾಗದಕ್ಕೆ ಅದನ್ನು ಬೆರೆಸುವ ರೂಢಿ ಬಂದದ್ದು ಹೆಚ್ಚುಕಡಿಮೆ 1950ರ ಸುಮಾರಿಗೆ.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಕಾಗದವಿದ್ದರೆ ಸಹಿಯನ್ನು ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಲಕೋಟೆ ಎಸೆಯಬೇಡಿ. ಯಾರಿಗೆ, ಯಾವ ಕಾರಣಕ್ಕೆ ಬಂದದ್ದು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ, ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.